ಇಲಿ ಜಾಸ್ತಿಯಾದ ವರ್ಷ ಗೂಬೆಗೆ ಹೆಣ್ಣು ಮರಿ ಜಾಸ್ತಿ ಆಗುತ್ತವೆಯೇ?

ಲಕ್ಷ್ಮೇಶ್ವರ ಮಾಸ್ತರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಲಕ್ಷ್ಮೇಶ್ವರದ ಹತ್ತಿರ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮೂರಲ್ಲಿ ಒಂದು ಹಳೇ ವಾಡೆ ಇದೆ. ಮನೆಯವರು ಹುಬ್ಬಳ್ಳಿಯಲ್ಲಿದ್ದಾರೆ, ಜಾತ್ರೆಗೆ ಮಾತ್ರ ಬಂದು ಬೀಗ ತೆಗೆಯುತ್ತಾರೆ. ಆ ವಾಡೆಯ ಅಟ್ಟದಲ್ಲಿ ಕಣಜ ಗೂಬೆಗಳ ಒಂದು ಜೋಡಿ ವಾಸವಾಗಿದೆ. ಊರಲ್ಲಿ ಕೆಲವರು ಅದನ್ನು ಅಪಶಕುನ ಅಂತ ಓಡಿಸಲು ಹೊರಟಿದ್ದರು. ಮಕ್ಕಳೇ ಅವರ ಮುಂದೆ ನಿಂತು ಮಾತಾಡಿ ಉಳಿಸಿದರು. ಅದಕ್ಕೇ ಈ ಗೂಡಿನ ಮೇಲೆ ನನಗೆ ಅಷ್ಟು ಜೀವ.

ಹೋದ ವರ್ಷ ನಮ್ಮ ಕಡೆ ಹೆಸರು ಚೆನ್ನಾಗಿ ಬಂತು. ಹಿಂಗಾರಿ ಮಳೆಯೂ ಕೈಕೊಡಲಿಲ್ಲ. ಕಡಲೆ, ಬಿಳಿಜೋಳ ಎರಡೂ ನಿಂತವು. ಇಲಿ ಎಂದರೆ ಇಲಿ! ಎರೆ ಹೊಲದ ಬಿರುಕು ಬಿರುಕಿನಲ್ಲೂ ಬಿಲ. ಆ ಚಳಿಗಾಲ ಗೂಡಿನಲ್ಲಿ 7 ಮರಿ ಇದ್ದವು. ಈ ವರ್ಷ ಹಿಂಗಾರಿ ಮಳೆ ಸರಿಯಾಗಿ ಆಗಲಿಲ್ಲ. ಮರಿ 3 ಮಾತ್ರ.

ಆಹಾರ ಕಡಿಮೆಯಾದರೆ ಮರಿ ಕಡಿಮೆ ಎನ್ನುವುದು ಮಕ್ಕಳಿಗೆ ಕೂಡಲೇ ಅರ್ಥವಾಯಿತು. ಆದರೆ ಇಂಗ್ಲೆಂಡಿನ ಉತ್ತರದ ಕೀಲ್ಡರ್ ಕಾಡಿನಲ್ಲಿ ಟಾನಿ ಎಂಬ ಕಾಡು ಜಾತಿಯ ಗೂಬೆಗಳ ಮೇಲೆ ನಡೆದ ಅಧ್ಯಯನದ ಬಗ್ಗೆ ಓದಿದೆ. ಅಲ್ಲಿ ಆಹಾರ ಹೆಚ್ಚಿದ್ದ ಜಾಗದ ಗೂಡುಗಳಲ್ಲಿ ಹೆಣ್ಣು ಮರಿಗಳ ಪಾಲು ಜಾಸ್ತಿ ಇತ್ತಂತೆ. ಅದೂ ಜೂನ್ ತಿಂಗಳ ಆಹಾರಕ್ಕೆ ಸರಿಯಾಗಿ. ಗೂಬೆ ತತ್ತಿ ಇಡುವುದು ಮಾರ್ಚ್‌ನಲ್ಲಿ! ಇದನ್ನು ತರಗತಿಯಲ್ಲಿ ಹೇಳಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಮುಂದ ಇಲಿ ಸಿಗತಾವು ಅಂತ ತಾಯಿಗೆ ಮೊದಲ ಹೆಂಗ ಗೊತ್ತಾಗತೈತ್ರಿ?" ಎಂದಳು. ಒಳ್ಳೆಯ ಪ್ರಶ್ನೆ. ಅವಳಿಗೆ ಸುಮ್ನೆ ಏನೋ ಒಂದು ಹೇಳಿ ಕೂರಿಸಲು ಮನಸ್ಸು ಬರಲಿಲ್ಲ.

ನಮ್ಮ ಗೂಡಿನ ಆ 7 ಮರಿಗಳಲ್ಲಿ ಕೆಲವು ಗಾತ್ರದಲ್ಲಿ ಎದ್ದು ಕಾಣುವಷ್ಟು ದೊಡ್ಡವಿದ್ದವು. ಗೂಬೆಗಳಲ್ಲಿ ಹೆಣ್ಣೇ ದೊಡ್ಡದು ಅಲ್ವಾ? ಹಾಗಾದರೆ ಅವು ಹೆಣ್ಣು ಎಂದುಕೊಳ್ಳಬಹುದೇ? ನಮ್ಮ ಹೊಲದ ಇಲಿಗೂ ಕೀಲ್ಡರಿನ ಲೆಕ್ಕ ಕೂಡುತ್ತದೆಯೇ? ತಿಳಿದವರು ದಯವಿಟ್ಟು ಬಿಡಿಸಿ ಬರೆಯಿರಿ. ಓದಿ ಹೇಳಲು ಮಕ್ಕಳು ಕಾಯುತ್ತಿದ್ದಾರೆ.

ಅಣ್ಣಿಗೇರಿ ಎರೆಹೊಲ

ಮಾಸ್ತರೇ, ಗೂಬೆಯ ಹೆಣ್ಣು ಗಂಡು ನಾನು ಹೇಳಲಾರೆ. ಇಲಿಯ ಮಾತು ಹೇಳುತ್ತೇನೆ, ಹೊಲ ಮಾಡುವವನಾದ್ದರಿಂದ.

ನಮ್ಮ ಎರೆ ಭಾಗದಲ್ಲಿ ಇಲಿ ಬೆಳೆಯ ಹಿಂದೆ ಹೋಗುತ್ತದೆ. ಹೆಸರು ಕಿತ್ತ ಮೇಲೆ ಬದುವಿಗೆ ಸೇರುತ್ತದೆ. ಕಡಲೆ ಕಾಯಿ ಕಟ್ಟುವ ಹೊತ್ತಿಗೆ ಮತ್ತೆ ಹೊಲದೊಳಗೆ ಇಳಿಯುತ್ತದೆ. ಜೋಳ ಹಾಲುಗಾಳು ಆದಾಗ ದಂಟು ಹತ್ತಿ ತೆನೆ ಕಡಿಯುತ್ತದೆ. ಸುಗ್ಗಿ ಮುಗಿದರೆ ಬಣವಿ, ಆಮೇಲೆ ಮನೆ. ಹೆಗ್ಗಣದ ಬಿಲ ತೋಡಿದರೆ ಒಳಗೆ ತೆನೆಯ ರಾಶಿಯೇ ಇರುತ್ತದೆ, ನಮ್ಮಜ್ಜ ಅದನ್ನು ತೆಗೆದು ಕೋಳಿಗೆ ಹಾಕುತ್ತಿದ್ದ. ಒಮ್ಮೆಲೇ ಜೋರು ಮಳೆ ಬಂದು ಎರೆ ಉಬ್ಬಿ ಬಿರುಕು ಮುಚ್ಚಿಕೊಂಡರೆ ಬಿಲದೊಳಗೇ ಎಷ್ಟೋ ಸಾಯುತ್ತವೆ. ಹಾಗಾಗಿ ಇಷ್ಟು ವರ್ಷಕ್ಕೊಮ್ಮೆ ಇಲಿ ಬರುತ್ತದೆ ಎಂದು ನಮ್ಮಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. ಮಳೆ ನೋಡಿ, ಬೆಳೆ ನೋಡಿ ಹೇಳಬೇಕು.

ಗೂಬೆ ಕುಳಿತುಕೊಳ್ಳಲಿ ಎಂದು ನಾನು ಕಡಲೆ ಹೊಲದಲ್ಲಿ ಅಲ್ಲಲ್ಲಿ ಗಳ ನೆಟ್ಟಿದ್ದೇನೆ. ಬೆಳಗ್ಗೆ ಅದರ ಬುಡದಲ್ಲಿ ಕೂದಲಿನ ಉಂಡೆ ಬಿದ್ದಿರುತ್ತದೆ. ನನ್ನ ಸಂಬಳ ಕೇಳದ ಕಾವಲುಗಾರ ಅದು, ಮನಸ್ಸಿನಿಂದ ಹೇಳುತ್ತೇನೆ.

ಧಾರವಾಡ ಮಾವಿನತೋಪು

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಆ ಹುಡುಗಿಯ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನೀವು ಓದಿದ್ದು 1997ರಲ್ಲಿ ಬ್ರಿಜೆಟ್ ಆಪಲ್ಬಿ, ಸ್ಟೀವ್ ಪೆಟ್ಟಿ ಮತ್ತು ಜೊತೆಗಾರರು ಪ್ರಕಟಿಸಿದ ಕೆಲಸ. ಕೀಲ್ಡರ್ ಎಂದರೆ ಮನುಷ್ಯರೇ ನೆಟ್ಟು ಬೆಳೆಸಿದ, ಸ್ಪ್ರೂಸ್ ಎಂಬ ಸೂಜಿ ಎಲೆ ಮರದ ಕಾಡು. ಮರ ಕಡಿದ ಜಾಗದಲ್ಲಿ ಹುಲ್ಲು ಬೆಳೆಯುತ್ತದೆ. ಆ ಹುಲ್ಲಿನಲ್ಲಿ ವೋಲ್ ಎಂಬ ಗಿಡ್ಡ ಬಾಲದ ಇಲಿ ಇರುತ್ತದೆ. ಅದರ ಸಂಖ್ಯೆ 3-4 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಗೂಬೆಗಳಿಗೆಂದು ಅಲ್ಲಿ ಮರದ ಪೆಟ್ಟಿಗೆ ಕಟ್ಟಿದ್ದರು. ಹಾಗಾಗಿ ಯಾವ ಗೂಡಿನಲ್ಲಿ ಎಷ್ಟು ಮರಿ, ಸುತ್ತ ಎಷ್ಟು ವೋಲ್, ಆ ಮರಿ ಮುಂದೆ ದೊಡ್ಡದಾಗಿ ಸಂಸಾರ ಹೂಡಿತೇ ಎಂದು ವರ್ಷಗಟ್ಟಲೆ ಹಿಂಬಾಲಿಸಲು ಆಯಿತು. ಇಡೀ ಕಥೆಯ ಗಟ್ಟಿತನ ಇರುವುದು ಈ ತಾಳ್ಮೆಯಲ್ಲಿ.

ಅವರಿಗೆ ಸಿಕ್ಕಿದ್ದು ಎರಡು ಸಂಗತಿ. ಜೂನ್‌ನಲ್ಲಿ, ಅಂದರೆ ಮರಿ ಗೂಡು ಬಿಡುವ ಹೊತ್ತಿಗೆ, ವೋಲ್ ಹೆಚ್ಚಿದ್ದ ಜಾಗದ ಗೂಡುಗಳಲ್ಲಿ ಹೆಣ್ಣಿನ ಪಾಲು ಜಾಸ್ತಿ. ಇನ್ನೊಂದು ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಜೂನ್‌ನಲ್ಲಿ ಹೊಟ್ಟೆ ತುಂಬ ತಿಂದು ಬೆಳೆದ ಹೆಣ್ಣು ಮರಿಗಳು ಮುಂದೆ ತಾಯಿಯಾಗಿ ಹೆಚ್ಚು ಯಶಸ್ಸು ಕಂಡವು. ಗಂಡು ಮರಿಗಳಿಗೆ ಆ ಜೂನ್ ಊಟದಿಂದ ಅಂಥ ವ್ಯತ್ಯಾಸ ಕಾಣಲಿಲ್ಲ. ಈ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳಿದರೆ ಅದು ಬರೀ ಸೋಜಿಗದ ಸುದ್ದಿಯಾಗುತ್ತದೆ. ಎರಡೂ ಸೇರಿದಾಗಲೇ ತಾಯಿ ಹೀಗೆ ಮಾಡುವುದರಲ್ಲಿ ಏನು ಲಾಭ ಎಂದು ತಿಳಿಯುವುದು. ಒಳ್ಳೆಯ ಊಟದ ಬೆಲೆ ಯಾರಲ್ಲಿ ಹೆಚ್ಚು ಉಳಿಯುತ್ತದೋ ಅವರಿಗೆ ಊಟ ಹಾಕುವುದು.

ಈ ಯೋಚನೆಯ ಬೇರು ಹಳೆಯದು. 1930ರಲ್ಲಿ ಜೀವವಿಜ್ಞಾನಿ ರೊನಾಲ್ಡ್ ಫಿಶರ್ ಗಂಡು ಹೆಣ್ಣು ಯಾಕೆ ಹೆಚ್ಚು ಕಡಿಮೆ ಸಮವಾಗಿ ಇರುತ್ತವೆ ಎಂದು ವಿವರಿಸಿದರು. ಯಾವ ಲಿಂಗ ಕಡಿಮೆಯಾಗುತ್ತದೋ ಅದನ್ನು ಹೆತ್ತವರಿಗೆ ಮೊಮ್ಮಕ್ಕಳು ಹೆಚ್ಚು, ಹಾಗಾಗಿ ತಕ್ಕಡಿ ತಾನೇ ನಡುವಿಗೆ ಬರುತ್ತದೆ. 1973ರಲ್ಲಿ ರಾಬರ್ಟ್ ಟ್ರಿವರ್ಸ್ ಮತ್ತು ಡ್ಯಾನ್ ವಿಲ್ಲಾರ್ಡ್ ಒಂದು ಹೆಜ್ಜೆ ಮುಂದೆ ಹೋದರು. ಒಟ್ಟು ಸಂಖ್ಯೆ ಸಮ ಇದ್ದರೂ ಒಬ್ಬೊಬ್ಬ ತಾಯಿ ತನ್ನ ಸ್ಥಿತಿ ನೋಡಿ ಒಂದು ಕಡೆಗೆ ವಾಲಬಹುದು ಎಂದರು.

ಈಗ ಹುಡುಗಿಯ ಪ್ರಶ್ನೆ. ತಾಯಿಗೆ ಹೇಗೆ ಗೊತ್ತು?

ಗೂಬೆಗಳಲ್ಲಿ ತತ್ತಿ ಇಡುವ ಮುಂಚಿನಿಂದಲೇ ಗಂಡು ಬೇಟೆ ತಂದು ಹೆಣ್ಣಿಗೆ ಕೊಡುತ್ತದೆ. ಹೆಣ್ಣು ಕಾವು ಕೂತಾಗಲೂ ಅದೇ ತರಬೇಕು. ಅಂದರೆ ರಾತ್ರಿ ಎಷ್ಟು ಬೇಟೆ ಬಂತು, ಎಷ್ಟು ಬೇಗ ಬಂತು ಎನ್ನುವ ಲೆಕ್ಕ ತತ್ತಿ ಕಟ್ಟುವ ದಿನಗಳಲ್ಲೇ ಹೆಣ್ಣಿನ ಮೈಗೆ ಸೇರುತ್ತಿರುತ್ತದೆ. ಮಾರ್ಚ್‌ನಲ್ಲಿ ವೋಲ್ ಏರುಮುಖದಲ್ಲಿದ್ದರೆ ಜೂನ್‌ನಲ್ಲೂ ಸಿಗುವ ಸಂಭವ ಹೆಚ್ಚು. ಭವಿಷ್ಯ ನೋಡುವ ಅಗತ್ಯವೇ ಇಲ್ಲ, ಇಂದಿನ ಆಹಾರ ನಾಳೆಯದರ ಸೂಚನೆ ಕೊಟ್ಟರೆ ಸಾಕು. ರೋಹಿಣಿ ಮಳೆಯ ಹದ ನೋಡಿ ಯಾವ ಬೀಜ ತರಬೇಕೆಂದು ನಮ್ಮ ರೈತರು ತೀರ್ಮಾನಿಸುವುದಿಲ್ಲವೇ? ಹಾಗೆ.

ಮೈಯೊಳಗೆ ಅದಕ್ಕೆ ಅವಕಾಶ ಇದೆಯೇ? ಇದೆ. ನಮ್ಮಲ್ಲಿ ಮಗುವಿನ ಲಿಂಗ ತಂದೆಯ ಕಡೆಯಿಂದ ನಿರ್ಧಾರವಾಗುತ್ತದೆ. ಹಕ್ಕಿಗಳಲ್ಲಿ ಉಲ್ಟಾ. ಗಂಡಿಗೆ ಎರಡು ಝಡ್ ವರ್ಣತಂತು, ಹೆಣ್ಣಿಗೆ ಒಂದು ಝಡ್ ಒಂದು ಡಬ್ಲ್ಯು. ತತ್ತಿಯಲ್ಲಿ ಯಾವುದು ಉಳಿಯುತ್ತದೋ ಅದರ ಮೇಲೆ ಮರಿಯ ಲಿಂಗ. ತತ್ತಿಯಾಗುವ ಕೋಶದ ಮೊದಲ ವಿಭಜನೆ ಮುಗಿಯುವುದು ಅಂಡ ಬಿಡುಗಡೆಗೆ ಕೆಲವೇ ಗಂಟೆಗಳ ಮುಂಚೆ. ತಾಯಿಯ ಹಾರ್ಮೋನುಗಳು ಕೈ ಆಡಿಸಲು ಸಾಧ್ಯವಿರುವ ಹೊತ್ತು ಅದು.

ಆದರೆ ಮಾಸ್ತರೇ, "ಆಹಾರ ಜಾಸ್ತಿ ಅಂದರೆ ಹೆಣ್ಣು ಜಾಸ್ತಿ" ಎಂದು ಮಕ್ಕಳು ಬಾಯಿಪಾಠ ಮಾಡದಂತೆ ನೋಡಿಕೊಳ್ಳಿ. ಅದೇ ಟಾನಿ ಗೂಬೆಯನ್ನು ಡೆನ್ಮಾರ್ಕಿನಲ್ಲಿ ನೋಡಿದಾಗ, ಆಹಾರ ನೆಚ್ಚಿಕೆಯಿಂದ ಸಿಗುವ ಆ ಕಾಡುಗಳಲ್ಲಿ ಮರಿಗಳು ಗಂಡಿನ ಕಡೆಗೆ ವಾಲಿದ್ದವು. 2007ರಲ್ಲಿ ಪ್ರಕಟವಾಯಿತು. ಅದೇ ಜಾತಿ, ಬೇರೆ ಊರು, ಬೇರೆ ಉತ್ತರ.

ನ್ಯೂಜಿಲೆಂಡಿನ ಕಾಕಾಪೋ ಕೇಳಿದ್ದೀರಾ? ಗೂಬೆಯಲ್ಲ, ರಾತ್ರಿ ಓಡಾಡುವ, ಹಾರಲಾರದ ಗಿಳಿ. 1995ರಲ್ಲಿ ಲೋಕದಲ್ಲಿ ಗೊತ್ತಿದ್ದದ್ದು 51 ಹಕ್ಕಿ ಮಾತ್ರ, ಅದರಲ್ಲೂ ಹೆಣ್ಣು ಕಡಿಮೆ. ಉಳಿಸಬೇಕೆಂದು ಪ್ರೀತಿಯಿಂದ ಹೆಚ್ಚಿನ ಆಹಾರ ಹಾಕಿದರು. ಚೆನ್ನಾಗಿ ತಿಂದ ತಾಯಂದಿರಿಗೆ ಗಂಡು ಮರಿಗಳೇ ಜಾಸ್ತಿ ಆದವು! ಕಾಕಾಪೋದಲ್ಲಿ ಗಂಡೇ ದೊಡ್ಡದು, ಗಟ್ಟಿಮುಟ್ಟಾದ ಗಂಡಿಗೆ ಹಲವು ಹೆಣ್ಣು ಒಲಿಯುತ್ತವೆ. ಆಮೇಲೆ ತಾಯಿಯ ತೂಕ ನೋಡಿ ಆಹಾರ ಹಾಕುವ ಪದ್ಧತಿ ತಂದರು, ಗಂಡು ಹೆಣ್ಣು ಹತ್ತಿರ ಹತ್ತಿರ ಸಮಕ್ಕೆ ಬಂತು. ಈ ಸಿದ್ಧಾಂತ ಒಂದು ಜೀವಿಯನ್ನು ಉಳಿಸುವ ಕೆಲಸಕ್ಕೆ ನೇರವಾಗಿ ಬಂದದ್ದು ಇಲ್ಲಿ. ನನಗೆ ತುಂಬಾ ಇಷ್ಟದ ಉದಾಹರಣೆ.

ಸೇಶೆಲ್ಸ್ ದ್ವೀಪದ ಒಂದು ಪುಟ್ಟ ವಾರ್ಬ್ಲರ್ ಹಕ್ಕಿಯಲ್ಲಿ ಇನ್ನೂ ಸ್ಪಷ್ಟ. ಹುಳು ಕಡಿಮೆ ಇರುವ ಜಾಗದಲ್ಲಿ ನೂರಕ್ಕೆ 77 ಗಂಡು, ಹುಳು ಹೇರಳವಾಗಿರುವ ಜಾಗದಲ್ಲಿ ನೂರಕ್ಕೆ 13 ಮಾತ್ರ ಗಂಡು. ಅಲ್ಲಿ ಹೆಣ್ಣು ಮಕ್ಕಳು ತವರಲ್ಲೇ ಉಳಿದು ತಮ್ಮ ತಂಗಿಯರನ್ನು ಸಾಕಲು ನೆರವಾಗುತ್ತವೆ. ಆಹಾರ ಇದ್ದರೆ ಅದು ಸಹಾಯ, ಇಲ್ಲದಿದ್ದರೆ ತಿನ್ನುವ ಬಾಯಿ ಒಂದು ಹೆಚ್ಚು. ಹಾಗಾಗಿ ನಿಮ್ಮ ಮಕ್ಕಳು ಮೊದಲು ಕೇಳಬೇಕಾದದ್ದು, "ಈ ಹಕ್ಕಿಯಲ್ಲಿ ಒಳ್ಳೆಯ ಊಟದಿಂದ ಮಗನಿಗೆ ಲಾಭವೋ, ಮಗಳಿಗೋ?" ಎಂದು.

ರಾಣೆಬೆನ್ನೂರು ಎಣಿಕೆ

ಮೇಲಿನ ಉತ್ತರ ಬಹಳ ಚೆನ್ನಾಗಿದೆ. ಅಂಕಿಯ ಮಾತು ಒಂದಿಷ್ಟು ಸೇರಿಸುತ್ತೇನೆ, ಸಂಖ್ಯಾಶಾಸ್ತ್ರ ನನ್ನ ಕಸುಬು.

ಒಂದು ಗೂಡಿನಿಂದ ಏನೂ ಹೇಳಲು ಆಗುವುದಿಲ್ಲ. ಗಂಡು ಹೆಣ್ಣು ಸಮ ಸಂಭವ ಎಂದುಕೊಳ್ಳಿ. 7 ಮರಿಗಳಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ಒಂದೇ ಲಿಂಗದವು ಆಗುವ ಸಾಧ್ಯತೆ ನೂರಕ್ಕೆ 45. ಬರೀ ಅದೃಷ್ಟದಿಂದ! 3 ಮರಿ ಮೂರೂ ಒಂದೇ ಲಿಂಗವಾಗುವ ಸಾಧ್ಯತೆ ನೂರಕ್ಕೆ 25. ನಿಜವಾಗಿಯೂ ಹೆಣ್ಣಿನ ಪಾಲು ನೂರಕ್ಕೆ 60 ಇದ್ದರೆ ಅದನ್ನು ನಂಬಿಕೆಯಿಂದ ಹಿಡಿಯಲು ಸುಮಾರು 200 ಮರಿ ಬೇಕು. ಒಂದೇ ಗೂಡಿನ ಮರಿಗಳು ಒಂದೇ ತಾಯಿಯವು. ಹಾಗಾಗಿ ಮರಿಗಳ ಜೊತೆಗೆ ಗೂಡುಗಳ ಸಂಖ್ಯೆಯೂ ದೊಡ್ಡದಿರಬೇಕು.

ಮಕ್ಕಳಿಗೆ ನಾಣ್ಯ ಕೊಟ್ಟು 7 ಸಲ ಚಿಮ್ಮಿಸಿ. ಒಬ್ಬೊಬ್ಬರದೂ ಒಂದೊಂದು ಗೂಡು. ಎಷ್ಟು "ಗೂಡು" 5-2 ಅಥವಾ 6-1 ಆಯಿತು ಎಂದು ಹಲಗೆಯ ಮೇಲೆ ಬರೆಸಿ. ಒಂದು ಪೀರಿಯಡ್ ಸಾಕು.

2004ರಲ್ಲಿ ಹಲವು ಹಕ್ಕಿಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಒಂದು ದೊಡ್ಡ ವಿಶ್ಲೇಷಣೆಯೂ ಇದೆ. ಎಲ್ಲವನ್ನೂ ಸೇರಿಸಿದಾಗ ತಾಯಿ ಲಿಂಗ ಆರಿಸುವುದು ಹಕ್ಕಿಗಳ ಸಾಮಾನ್ಯ ಗುಣ ಎನ್ನುವಷ್ಟು ಬಲ ಕಾಣಲಿಲ್ಲ. ಕೀಲ್ಡರ್, ಸೇಶೆಲ್ಸ್ ಸುಳ್ಳು ಎಂದಲ್ಲ. ಆದರೆ ಎದ್ದು ಕಾಣುವ ಫಲಿತಾಂಶವನ್ನು ಎಲ್ಲ ಹಕ್ಕಿಗೂ ಹಚ್ಚಬಾರದು.

ಲಕ್ಷ್ಮೇಶ್ವರ ಮಾಸ್ತರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ನಾಣ್ಯದ ಆಟ ಇವತ್ತೇ ಆಡಿಸಿದೆ. ಮಕ್ಕಳು ತಾವೇ "ಸರ್, ನಮ್ಮ ಗೂಡಿನ ಲೆಕ್ಕ ಸಾಲದು" ಎಂದರು. ಇಷ್ಟು ಸಾಕು ನನಗೆ.

ಒಂದು ವಿಷಯ ಇನ್ನೂ ಕಾಡುತ್ತಿದೆ. ಈ ವರ್ಷ ತತ್ತಿ ಎಷ್ಟು ಇದ್ದವೋ ನಾವು ನೋಡಲಿಲ್ಲ, ಹತ್ತಿರ ಹೋದರೆ ಬಿಟ್ಟು ಹೋದೀತು ಎಂಬ ಭಯ. ತಾಯಿ ಕಡಿಮೆ ಇಟ್ಟಿತೋ, ಮರಿಗಳು ಹಸಿವಿನಿಂದ ಸತ್ತವೋ? ಸತ್ತಿದ್ದರೆ ಗಂಡು ಹೆಣ್ಣಿನ ಲೆಕ್ಕವೂ ಅಲ್ಲೇ ಬದಲಾಗುತ್ತದೆ ಅಲ್ವಾ?

ಧಾರವಾಡ ಮಾವಿನತೋಪು

ಸರಿಯಾದ ಜಾಗಕ್ಕೆ ಬಂದಿರಿ. ತತ್ತಿಯಲ್ಲಿನ ಅನುಪಾತ ಬೇರೆ, ಗೂಡು ಬಿಡುವಾಗಿನ ಅನುಪಾತ ಬೇರೆ. ನಡುವೆ ಹಸಿವು ಬರುತ್ತದೆ.

ಕಣಜ ಗೂಬೆ ಮೊದಲ ತತ್ತಿಯಿಂದಲೇ ಕಾವು ಕೂರುತ್ತದೆ. ಎರಡು ಮೂರು ದಿನಕ್ಕೊಂದು ತತ್ತಿ. ಹಾಗಾಗಿ ಮರಿಗಳೂ ಅದೇ ಅಂತರದಲ್ಲಿ ಒಡೆದು ಬರುತ್ತವೆ. 7 ಮರಿಯ ಗೂಡಿನಲ್ಲಿ ಹಿರಿಯದಕ್ಕೂ ಕಿರಿಯದಕ್ಕೂ ಎರಡು ವಾರಕ್ಕಿಂತ ಹೆಚ್ಚು ವ್ಯತ್ಯಾಸ ಇರಬಹುದು. ನೀವು ಕಂಡ "ದೊಡ್ಡ ಮರಿ"ಗಳು ಮೊದಲು ಹುಟ್ಟಿದವು, ಅಷ್ಟೇ. ಗಾತ್ರ ನೋಡಿ ಹೆಣ್ಣು ಎನ್ನಲು ಆಗುವುದಿಲ್ಲ. ಬೆಳೆದ ಮೇಲೆ ಹೆಣ್ಣಿನ ಎದೆಯಲ್ಲಿ ಚುಕ್ಕೆ ಸಾಮಾನ್ಯವಾಗಿ ಜಾಸ್ತಿ, ಬಣ್ಣ ತುಸು ಗಾಢ. ಆದರೂ ಎಷ್ಟೋ ಹಕ್ಕಿಗಳು ನಡುವೆ ಬೀಳುತ್ತವೆ. ಖಚಿತವಾಗಿ ತಿಳಿಯಲು ಡಿಎನ್‌ಎ ಪರೀಕ್ಷೆಯೇ ದಾರಿ. ಝಡ್ ಮತ್ತು ಡಬ್ಲ್ಯು ಎರಡರಲ್ಲೂ ಇರುವ ಸಿಎಚ್‌ಡಿ ಎಂಬ ಜೀನ್ ತುಸು ಬೇರೆ ಬೇರೆ ಉದ್ದ ಇರುತ್ತದೆ. ಒಂದು ಹನಿ ರಕ್ತ ಸಾಕು. 1990ರ ದಶಕದಲ್ಲಿ ಈ ವಿಧಾನ ಬಂದ ಮೇಲೆಯೇ ಕೀಲ್ಡರಿನಂಥ ಕೆಲಸ ಇಷ್ಟು ಸುಲಭವಾಯಿತು. ಆದರೆ ಗೂಬೆಗೆ ಕಾನೂನಿನ ರಕ್ಷಣೆ ಇದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮರಿಯನ್ನು ಮುಟ್ಟುವ ಹಾಗಿಲ್ಲ. ಶಾಲೆಯವರು ಆ ಕಡೆ ಹೋಗಲೇಬೇಡಿ.

ಇಲಿ ಕಡಿಮೆಯಾದಾಗ ಕೊನೆಯ ಮರಿಗೆ ಪಾಲು ಸಿಗುವುದಿಲ್ಲ. ಹಿರಿಯವು ಮೊದಲು ತಿನ್ನುತ್ತವೆ. ದೊಡ್ಡದಾಗಿ ಬೆಳೆಯುವ ಲಿಂಗಕ್ಕೆ ಊಟ ಹೆಚ್ಚು ಬೇಕಾದ ಜಾತಿಗಳಲ್ಲಿ ಬರದ ವರ್ಷ ಅದೇ ಹೆಚ್ಚು ಸಾಯಬಹುದು. ಆ ಲಿಂಗ ಹೆಣ್ಣಾಗಿದ್ದರೆ, ಕೊನೆಗೆ ಉಳಿದವನ್ನು ಎಣಿಸಿದವರು "ತಾಯಿ ಗಂಡು ಮರಿಗಳನ್ನೇ ಹೆತ್ತಳು" ಎಂದುಕೊಳ್ಳುತ್ತಾರೆ. ಸಂಶೋಧಕರು ಒಡೆಯದ ತತ್ತಿ, ಸತ್ತ ಮರಿಯನ್ನೂ ಬಿಡದೆ ಪರೀಕ್ಷೆ ಮಾಡುವುದು ಅದಕ್ಕೇ.

ನಮ್ಮ ಹೊಲಕ್ಕೆ ಕೀಲ್ಡರ್ ಲೆಕ್ಕ ಹಾಗೇ ಕೂಡುತ್ತದೆಯೇ ಎಂದು ಕೇಳಿದ್ದಿರಿ. ಅಣ್ಣಿಗೇರಿಯವರು ಬರೆದದ್ದನ್ನು ಇನ್ನೊಮ್ಮೆ ಓದಿ. ಉತ್ತರ ಅಲ್ಲಿದೆ. ತಾಯಿ ಮುಂದಿನದನ್ನು ಊಹಿಸಬೇಕಾದರೆ ಇವತ್ತಿನ ಇಲಿ ಎರಡು ತಿಂಗಳ ನಂತರದ ಇಲಿಯ ಸುಳಿವು ಕೊಡಬೇಕು. ಕೀಲ್ಡರಿನ ಹುಲ್ಲು ಅಲ್ಲೇ ಇರುತ್ತದೆ. ನಮ್ಮಲ್ಲಿ ಒಂದು ವಾರದಲ್ಲಿ ಕಡಲೆ ಕಿತ್ತು ಹೊಲ ಬೋಳಾಗುತ್ತದೆ, ಇಲಿ ಬಣವಿಗೆ ಹೋಗುತ್ತದೆ. ಇಂಥ ಕಡೆ ಲಿಂಗ ಆರಿಸುವುದಕ್ಕಿಂತ ಜಾಸ್ತಿ ತತ್ತಿ ಇಟ್ಟು, ಆಹಾರ ಬಂದಷ್ಟು ಮರಿ ಉಳಿಸಿಕೊಳ್ಳುವುದೇ ಹೊಂದುವ ದಾರಿ ಎಂದು ನನ್ನ ಅಭಿಪ್ರಾಯ.

ಮಕ್ಕಳಿಗೆ ಕೆಲಸ ಬೇಕಿದ್ದರೆ ಕೂದಲಿನ ಉಂಡೆಗಳಿವೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ ಮೂಳೆ, ಕೂದಲನ್ನು ಉಂಡೆ ಮಾಡಿ ಉಗುಳುತ್ತದೆ. ನೀರಲ್ಲಿ ನೆನೆಸಿ ಬಿಡಿಸಿ. ಮೂಗಿಗೆ ಬಟ್ಟೆ, ಕೈಗೆ ಗವಸು ಇರಲಿ. ಇಲಿಯ ತಲೆಬುರುಡೆಯಲ್ಲಿ ಮುಂದೆ ಉಳಿಯಂಥ ಎರಡು ಹಲ್ಲು, ಆಮೇಲೆ ಖಾಲಿ ಜಾಗ, ಆಮೇಲೆ ದವಡೆ ಹಲ್ಲು. ಉದ್ದ ಮೂತಿಯ ಸುಂಡಿಲಿಯದಾದರೆ ಖಾಲಿ ಜಾಗ ಇಲ್ಲ, ಚೂಪು ಹಲ್ಲಿನ ಸಾಲು. ತಿಂಗಳು ತಿಂಗಳೂ ಯಾವುದು ಎಷ್ಟು ಎಂದು ಬರೆದಿಡಿ, ಪಕ್ಕದಲ್ಲಿ ಹೊಲದಲ್ಲಿ ಯಾವ ಬೆಳೆ ಇತ್ತು ಎಂದೂ ಬರೆಯಿರಿ. ಗೂಡಿನ ಒಳಗೆ ಇಣುಕದೆ ಸಿಗುವ ಮಾಹಿತಿ ಇದು.

ಅಣ್ಣಿಗೇರಿ ಎರೆಹೊಲ

ನನ್ನ ಮಾತು ಇಷ್ಟು ಉಪಯೋಗಕ್ಕೆ ಬಂದದ್ದು ಖುಷಿ. ಒಂದು ಕೇಳಬೇಕಿತ್ತು. ಇಲಿ ಜಾಸ್ತಿಯಾದ ವರ್ಷವೇ ನಮ್ಮವರು ವಿಷ ಜಾಸ್ತಿ ಹಾಕುತ್ತಾರೆ. ಅಂಗಡಿಯಲ್ಲಿ ಕೇಕಿನಂಥದ್ದು ಸಿಗುತ್ತದೆ. ಅದನ್ನು ತಿಂದ ಇಲಿಯನ್ನು ಗೂಬೆ ಹಿಡಿದರೆ?

ಧಾರವಾಡ ಮಾವಿನತೋಪು

ಅದೇ ನನ್ನ ದೊಡ್ಡ ಚಿಂತೆ. ಬ್ರೋಮಾಡಿಯೋಲೋನ್ ಎಂಬ ಇಲಿವಿಷ ಇರುವ ಕೇಕಾದರೆ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವುದು ನಿಂತು, ಕೆಲವು ದಿನ ಬಿಟ್ಟು ಒಳಗೇ ರಕ್ತ ಸುರಿದು ಸಾಯುತ್ತದೆ. ಆ ದಿನಗಳಲ್ಲಿ ಅದು ಮಂಕಾಗಿ ಬಯಲಲ್ಲಿ ತಿರುಗುತ್ತದೆ, ಗೂಬೆಗೆ ಸುಲಭವಾಗಿ ಸಿಗುತ್ತದೆ. ವಿಷ ಇಲಿಯ ಯಕೃತ್ತಿನಲ್ಲಿ ಉಳಿದಿರುತ್ತದೆ, ಅಲ್ಲಿಂದ ಗೂಬೆಗೆ, ಮರಿಗೆ. ತಾಯಿ ತತ್ತಿಯಲ್ಲಿ ಏನೇ ಲೆಕ್ಕ ಹಾಕಿರಲಿ, ಆ ಗೂಡು ಅಲ್ಲಿಗೆ ಮುಗಿಯಿತು.

ಮರಿ ಗೂಡು ಬಿಡಲು ಹುಟ್ಟಿದ ಮೇಲೆ ಎಂಟು ಒಂಬತ್ತು ವಾರ ಬೇಕು. ಕನಿಷ್ಠ ಅಷ್ಟು ದಿನ ವಾಡೆಯ ಸುತ್ತಿನ ಹೊಲಗಳವರು ಕೇಕ್ ಇಡದೆ ಬೋನು ಇಡಲಿ, ಬದುವಿನ ಬಿಲ ತೋಡಲಿ, ನಿಮ್ಮ ಹಾಗೆ ಗಳ ನೆಡಲಿ. ಇಸ್ರೇಲಿನಲ್ಲಿ, ಮಲೇಷ್ಯಾದ ತಾಳೆ ತೋಟಗಳಲ್ಲಿ ಇಲಿಗೆಂದೇ ಕಣಜ ಗೂಬೆಗೆ ಪೆಟ್ಟಿಗೆ ಕಟ್ಟಿಕೊಟ್ಟಿದ್ದಾರೆ. ನಮಗೆ ಹಳೇ ವಾಡೆ ಬಿಟ್ಟಿ ಸಿಕ್ಕಿದೆ.

ಅಣ್ಣಿಗೇರಿ ಎರೆಹೊಲ

ಮಾಸ್ತರೇ, ನಿಮ್ಮೂರಲ್ಲಿ ನಮ್ಮ ಬೀಗರ ಮನೆ ಇದೆ. ಅವರ ಹೊಲ ವಾಡೆಯ ಹಿಂದೆಯೇ. ಈ ಅಮಾವಾಸ್ಯೆಗೆ ಬರುತ್ತೇನೆ, ವಿಷದ ಮಾತು ನಾನೇ ಆಡುತ್ತೇನೆ, ರೈತ ಹೇಳಿದರೆ ರೈತ ಕೇಳುತ್ತಾನೆ. ಗಳ ಎಷ್ಟು ಬೇಕು ಹೇಳಿ, ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬರುತ್ತೇನೆ.

ಲಕ್ಷ್ಮೇಶ್ವರ ಮಾಸ್ತರ

ಖಂಡಿತ ಬನ್ನಿ. ಹನ್ನೆರಡು ಗಳ ಸಾಕು. ನೆಡಲು ಮಕ್ಕಳಿದ್ದಾರೆ.